ತಲೆ ಮೇಲೆ ಹೊಸದು, ಕಾಲ ಕೆಳಗೆ ಹಳೆಯದು

ಬೆಳಗಿನ ಆರು ಗಂಟೆ. ದೆಹಲಿಯ ರೋಹಿಣಿ ಬಡಾವಣೆಯ ಒಂದು ಮನೆಯಂಗಳದಲ್ಲಿ ಹುಲಿಗೆಮ್ಮ ಸಿಮೆಂಟ್ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿದ್ದಾರೆ. ಒಳಗೊಂದು ಗಂಟು ಸಿಗುತ್ತದೆ. ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. "ಇದಕ್ಕಿನ್ನೂ ಜೀವ ಐತ್ರಿ" ಎನ್ನುತ್ತಾ ಜರಡಿಗೆ ಸುರಿಯುತ್ತಾರೆ. ಮುಂದಿನ ಚೀಲದ ಗಂಟು ಹಿಸುಕಿದರೆ ಬೆರಳೇ ನೋಯುತ್ತದೆ. ಆ ಚೀಲ ಪಕ್ಕಕ್ಕೆ ಹೋಗುತ್ತದೆ.

ಚಳಿಗಾಲದಲ್ಲಿ ದೆಹಲಿಗೆ ಹೊಗೆ ಕವಿದರೆ ಕಟ್ಟಡ ಕೆಲಸಕ್ಕೆ ನಿಷೇಧ ಬೀಳುತ್ತದೆ. ಉಳಿದ ಚೀಲಗಳು ಮೆಟ್ಟಿಲ ಕೆಳಗೆ ತಿಂಗಳುಗಟ್ಟಲೆ ಕೂರುತ್ತವೆ. ಅವು ಯಾವ ಕೆಲಸಕ್ಕೆ ಬಂದಾವು ಎಂದು ಹೇಳಲು ಹುಲಿಗೆಮ್ಮನಿಗೆ ಈಗ ದಿನಕ್ಕೆ ಮೂರು ಮನೆಗಳಿಂದ ಕರೆ.

ಲಿಂಗಸುಗೂರು ಕಡೆಯ ಈ ನಲವತ್ಮೂರರ ಹೆಣ್ಣುಮಗಳು ಕೇಬಲ್ ಗುಂಡಿ ತೋಡುವ ತಂಡದ ಜತೆ ದೆಹಲಿಗೆ ಬಂದು ಹದಿನಾರು ವರ್ಷ. ಅಷ್ಟೂ ಕಾಲ ತಲೆ ಮೇಲೆ ಬುಟ್ಟಿ ಹೊತ್ತರು; ಗಾರೆ ಬಳಿಯುವ ಕರಣೆ ಮಾತ್ರ ಗಂಡಸರ ಕೈಯಲ್ಲಿ. "ಕಲಸೋದು ನಾವು, ಹೆಸರು ಅವರ್ದು" ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ಈ ಮನೆ ನಿವೃತ್ತ ಸುಬೇದಾರ್ ಬೋಪಯ್ಯನವರದು. ತಾರಸಿಯಲ್ಲಿ ಆಳೆತ್ತರದ ನಾಲ್ಕು ಕಂಬ, ಮೇಲೊಂದು ಸ್ಲ್ಯಾಬ್, ಅದರ ಮೇಲೆ ಸಾವಿರ ಲೀಟರ್ ಟ್ಯಾಂಕ್ ಬರಬೇಕಿತ್ತು. ಚಳಿಗಾಲದಲ್ಲಿ ಉಳಿದ ಹನ್ನೊಂದು ಚೀಲಗಳನ್ನು ಅವರು ಹಲಗೆ ಮೇಲೆ ಜೋಡಿಸಿ, ಟಾರ್ಪಾಲು ಹೊದಿಸಿ ಜೋಪಾನ ಮಾಡಿದ್ದರು. ಬುಟ್ಟಿ ಹೊರಲು ಬಂದ ಹುಲಿಗೆಮ್ಮ ಆ ಸಿಮೆಂಟ್ ಮುಟ್ಟಿ ನೋಡಿ ಬೇಡವೆಂದರು.

"ತಲಿ ಮ್ಯಾಲೆ ಬರೋದಕ್ಕ ಹೊಸಾದು ಬೇಕ್ರಿ ಸಾಹೇಬ್ರ. ಹಳೇದು ಕಾಲ ಕೆಳಗ ಇರ್ಲಿ."

"ಅಚ್ಛಾ! ಮೇಸ್ತ್ರಿನೇ ಸುಮ್ಮನಿದ್ದಾನೆ, ನೀನು ನನಗೆ ಪಾಠ ಹೇಳ್ತೀಯಾ? ನಾಳೆಯಿಂದ ಬರಬೇಡ" ಎಂದರು ಬೋಪಯ್ಯ.

ಕೆಲಸ ಹೋಯಿತು. ಆದರೂ ಹುಲಿಗೆಮ್ಮ ಸುಮ್ಮನೆ ಹೋಗಲಿಲ್ಲ. ಬೋಪಯ್ಯನವರ ಚೀಲದ ಸಿಮೆಂಟಿನಲ್ಲೊಂದು, ಅಂಗಡಿಯಿಂದ ತಂದ ಹೊಸ ಸಿಮೆಂಟಿನಲ್ಲೊಂದು ರೊಟ್ಟಿ ತಟ್ಟಿ ತಾರಸಿಯಲ್ಲಿಟ್ಟರು. "ಏಳು ದಿನ ನೀರು ಹಾಕ್ರಿ. ಎಂಟನೇ ದಿನ ಮೊಳಿ ತಗೊಂಡು ಗೀರಿ ನೋಡ್ರಿ. ಅಲ್ಲೀತನಕ ಸ್ಲ್ಯಾಬ್ ಹಾಕಬ್ಯಾಡ್ರಿ."

ಫೌಜಿನ ಶಿಸ್ತು ಎಲ್ಲಿ ಹೋದೀತು! ಸಿಟ್ಟಿನಲ್ಲೇ ಬೋಪಯ್ಯ ಹೊತ್ತುಹೊತ್ತಿಗೆ ನೀರು ಹಾಕಿದರು. "ಮೊಮ್ಮಗಳಿಗೂ ಇಷ್ಟು ಸರಿಯಾಗಿ ಹಾಲು ಕೊಟ್ಟವರಲ್ಲ" ಎಂದು ಹೆಂಡತಿ ಬೊಳ್ಳಮ್ಮ ಈಗಲೂ ಛೇಡಿಸುತ್ತಾರೆ. ಎಂಟನೇ ದಿನ ಮೊಳೆ ಹೊಸ ರೊಟ್ಟಿಯ ಮೇಲೆ ಜಾರಿತು. ಹಳೆಯದು ಗೀರಿದಷ್ಟೂ ಪುಡಿ ಉದುರಿಸಿತು.

ಅರ್ಧ ಗಂಟೆಯಲ್ಲಿ ಹುಲಿಗೆಮ್ಮನಿಗೆ ಫೋನ್ ಬಂತು. "ಕರಣೆ ತಗೊಂಡು ಬನ್ನಿ. ಸ್ಲ್ಯಾಬ್ ನೀವೇ ಹಾಕಬೇಕು."

ಹುಲಿಗೆಮ್ಮ ಹೊಸ ಸಿಮೆಂಟಿನಲ್ಲಿ ಸ್ಲ್ಯಾಬ್ ಹಾಕಿದರು. ಸುಮ್ಮನಿದ್ದ ಮೇಸ್ತ್ರಿ ಅಂದು ಕಲಸಿ ಕೊಟ್ಟ! ಹನ್ನೊಂದರಲ್ಲಿ ಏಳು ಹಳೆಯ ಚೀಲಗಳು ಈಗ ಅಂಗಳದ ಕಾಲುದಾರಿಗೆ ಹೋಗುತ್ತಿವೆ. "ಇವು ಸತ್ತಿಲ್ರಿ, ಸುಸ್ತಾಗ್ಯಾವ. ಸುಸ್ತಾದವರ ಮ್ಯಾಲೆ ಟ್ಯಾಂಕ್ ಹೊರಿಸ್ತಾರೇನ್ರಿ?"

ಸ್ಲ್ಯಾಬ್ ಹಾಕಿ ತಿಂಗಳಾಗಿದೆ. ಇಂದು ಮೊದಲ ಸಲ ಟ್ಯಾಂಕ್ ತುಂಬುವ ದಿನ. ಮೋಟಾರ್ ಶುರುವಾಗುತ್ತದೆ, ಮೇಲೆ ನೀರು ಬೀಳುವ ಸದ್ದು ಕೇಳುತ್ತದೆ. ಹುಲಿಗೆಮ್ಮ ಖಾಲಿ ಚೀಲವೊಂದನ್ನು ಕೊಡವಿಕೊಂಡು ತಾರಸಿಗೆ ಹತ್ತಿ, ಸರಿಯಾಗಿ ಸ್ಲ್ಯಾಬಿನ ಕೆಳಗೆ ಹಾಸಿ ಕೂರುತ್ತಾರೆ.

"ಅರೇ, ತುಂಬೋವರೆಗೆ ಈಚೆ ಬನ್ನಿ ಮೇಸ್ತ್ರಿ!" ಬೋಪಯ್ಯನವರಿಗೆ ಗಾಬರಿ.

"ನಾ ಹಾಕಿದ್ದರ ಕೆಳಗ ನಾನ ಮೊದಲ ಕುಂದರಬೇಕ್ರಿ ಸಾಹೇಬ್ರ. ಚಹಾ ಇಲ್ಲೇ ಕೊಡ್ರಿ."