ಕೋಳಿಯಕ್ಕ ಬರಿಗೈಯಲ್ಲಿ ಹೋದ ಭಾನುವಾರ

ರಬ್ಬರ್ ತೋಟದಲ್ಲಿ ಬಿಸಿಲೇರಿದಾಗ ಒಣಗಿದ ಕಾಯಿಗಳು ಪಟ್ಟನೆ ಸಿಡಿಯುತ್ತವೆ. ಚುಕ್ಕೆ ಚುಕ್ಕೆಯ ನುಣುಪಾದ ಬೀಜಗಳು ದೂರಕ್ಕೆ ಚಿಮ್ಮಿ ತರಗೆಲೆಗಳ ನಡುವೆ ಬೀಳುತ್ತವೆ. ಹಾಲಿಗಾಗಿ ಮರ ಬೆಳೆಸುವ ಮಾಲೀಕರಿಗೆ ಅವು ಕಸ. ದೇವರು ಯಾವುದನ್ನೂ ಕಸವೆಂದು ಸೃಷ್ಟಿಸಲಿಲ್ಲವೆಂದು ನಾವು ಬಾಯಲ್ಲಿ ಹೇಳುತ್ತೇವೆ, ಬೆನ್ನು ಬಗ್ಗಿಸಿ ಹೆಕ್ಕುವವರು ಮಾತ್ರ ವಿರಳ. ಆ ತೋಟದಲ್ಲಿ ಹೆಕ್ಕುತ್ತಿದ್ದವಳು, ಅಲ್ಲೇ ಮರದ ತೊಗಟೆ ಕೊಯ್ದು ಹಾಲು ಇಳಿಸುವ ಟ್ಯಾಪಿಂಗ್ ಕೆಲಸ ಮಾಡುತ್ತಿದ್ದ ಒಬ್ಬ ವಿಧವೆ. ಮನೆಯಲ್ಲಿ ಕೋಳಿ ಸಾಕುತ್ತಿದ್ದರಿಂದ ಎಲ್ಲರೂ ಆಕೆಯನ್ನು ಕೋಳಿಯಕ್ಕ ಎಂದೇ ಕರೆಯುತ್ತಿದ್ದರು.

ಕೋಳಿಯಕ್ಕನಿಗೆ ಹೆತ್ತ ಮಕ್ಕಳಿರಲಿಲ್ಲ. ತಮ್ಮನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ, ಬಟ್ಟೆಯಲ್ಲಿ ಸುತ್ತಿದ ಹಸುಗೂಸನ್ನು ತಮ್ಮ ಆಕೆಯ ಮಡಿಲಿಗೆ ಹಾಕಿ, "ಅಕ್ಕಾ, ನಿಂದೇ ಅಂದ್ಕೋ" ಎಂದಿದ್ದ. ಅಕ್ಕ ಹಾಗೆಯೇ ಅಂದುಕೊಂಡಳು. ಮಗು ಆಕೆಯ ಸೆರಗು ಹಿಡಿದು ನಡೆಯಲು ಕಲಿಯಿತು, ಆಕೆಯನ್ನೇ ಅಮ್ಮ ಎಂದು ಕೂಗಿತು. ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ ತಮ್ಮ ಮತ್ತೆ ಮದುವೆಯಾದ, ಪಟ್ಟಣದ ಅಂಚಿನಲ್ಲಿ ಬಾಡಿಗೆ ಮನೆ ಹಿಡಿದ, ಮಗಳನ್ನು ಕೇಳಿದ. ಅಕ್ಕ ಕೊಟ್ಟಳು. ಅದರಲ್ಲಿ ಯಾರ ಅನ್ಯಾಯವೂ ಇರಲಿಲ್ಲ. ಆದರೆ ಪ್ರಿಯರೇ, ನ್ಯಾಯವಾದದ್ದೂ ಕರುಳನ್ನು ಕೊಯ್ಯಬಲ್ಲದು.

ಆ ಮನೆಗೆ ಹೋಗಲು ಆಕೆಗೆ ಒಂದು ನೆಪ ಬೇಕಾಗಿತ್ತು. ಬೆಳೆಯುವ ಮಗುವಿಗೆ ಮೊಟ್ಟೆ ಎಂಬುದಕ್ಕಿಂತ ಒಳ್ಳೆಯ ನೆಪ ಯಾವುದಿದೆ? ಪ್ರತಿ ಭಾನುವಾರ ಮೊಟ್ಟೆಯ ಬುಟ್ಟಿ ಹಿಡಿದು ಹೋಗಿ ಬಾಗಿಲು ತಟ್ಟುವಳು. ತಮ್ಮನ ಹೊಸ ಹೆಂಡತಿ ಬುಟ್ಟಿಯನ್ನು ಒಳಗೊಯ್ದು ಬರಿದು ಮಾಡಿ ತಂದುಕೊಡುವಳು. ಆ ನಡುವೆ ಬಾಗಿಲ ಸಂದಿನಲ್ಲಿ ಹುಡುಗಿಯ ಜಡೆಯೋ, ಬರೆಯುತ್ತಿರುವ ಮೊಣಕೈಯೋ ಕಂಡರೆ ಅಕ್ಕನಿಗೆ ಒಂದು ವಾರಕ್ಕೆ ಅದೇ ಸಾಕು.

ಅಂಗಡಿಯ ಕೋಳಿ ಆಹಾರ ಆಕೆಯ ಕೈಗೆಟುಕುತ್ತಿರಲಿಲ್ಲ. ರಬ್ಬರ್ ಬೀಜ ಹಾಕಬಹುದೇ ಎಂದು ಪಶುವೈದ್ಯರನ್ನು ಕೇಳಿದಳು.

"ಪ್ರೋಟೀನ್ ಇದೆ, ಎಣ್ಣೆ ಇದೆ, ಸತ್ವಕ್ಕೇನೂ ಕಮ್ಮಿ ಇಲ್ಲ. ಆದ್ರೆ ಹಸಿಯಾಗಿ ಹಾಕಿದ್ರೆ ಕೋಳಿ ಗೊಟಕ್! ವಿಷ ಇದೆಯಮ್ಮ ಅದ್ರಲ್ಲಿ. ಸಿಪ್ಪೆ ತೆಗೆದು ನೆನೆಸಿ, ಮುಚ್ಚಳ ಹಾಕದೆ ಚೆನ್ನಾಗಿ ಬೇಯಿಸಿ, ಆ ನೀರು ಚೆಲ್ಲಿಬಿಡಿ. ಒಣಗಿಸಿ ಪುಡಿ ಮಾಡಿ. ನುಚ್ಚು, ತೌಡು ಒಂಬತ್ತು ಬಟ್ಟಲಿದ್ರೆ ಇದು ಒಂದೇ ಬಟ್ಟಲು. ಜಾಸ್ತಿ ಬೇಡ."

ಅಕ್ಕ ಅದನ್ನು ವ್ರತದಂತೆ ಪಾಲಿಸಿದಳು. ಅಂಗಳದಲ್ಲಿ ಆಕೆ ಬೀಜ ಬೇಯಿಸುವುದನ್ನು ಕಂಡು ಜೊತೆಯ ಟ್ಯಾಪಿಂಗ್ ಹೆಂಗಸು ನಗಾಡಿದಳು: "ಏನಕ್ಕಾ ಇದು ಉಪಚಾರ! ನಮ್ಮ ಮನೆಯವರಿಗೆ ಅನ್ನಾನೂ ನಾನು ಇಷ್ಟು ಅಕ್ಕರೆಯಿಂದ ಬೇಯಿಸಲ್ಲ."

"ನಿಮ್ಮ ಮನೆಯವರು ಮೊಟ್ಟೆ ಇಡ್ತಾರೇನೇ?" ಎಂದಳು ಅಕ್ಕ.

ಕೋಳಿಗಳು ಗರಿ ಮಿನುಗಿಸುತ್ತಾ ಮೊಟ್ಟೆ ಇಟ್ಟವು. ಹೀಗಿರಲು ಒಂದು ಭಾನುವಾರ ಹುಡುಗಿಯೇ ಬಾಗಿಲಿಗೆ ಬಂದಳು. ನಾಚಿಕೊಂಡು ಕೇಳಿದಳು: "ಅತ್ತೆ, ಮುಂದಿನ ಸಲ ಇನ್ನೂ ಸ್ವಲ್ಪ ಜಾಸ್ತಿ ತರ್ತೀರಾ? ಅಮ್ಮ ಕೇಕ್ ಮಾಡ್ತಾರಂತೆ."

ತಾನು ಅತ್ತೆಯಾಗಿದ್ದೂ, ಅಮ್ಮ ಬೇರೊಬ್ಬಳಾಗಿದ್ದೂ ಒಂದೇ ಉಸಿರಿನಲ್ಲಿ ಕಿವಿಗೆ ಬಿದ್ದವು. ಆದರೂ ಮಗು ಬಾಯಿಬಿಟ್ಟು ಕೇಳಿತಲ್ಲ! ಮನೆಗೆ ಬಂದವಳೇ ಒಂದು ಬಟ್ಟಲು ಪುಡಿ ಹಾಕುವಲ್ಲಿ ನಾಲ್ಕು ಹಾಕಿದಳು. ಒಂದರಲ್ಲೇ ಇಷ್ಟು ಸತ್ವವಿದ್ದರೆ ನಾಲ್ಕರಲ್ಲಿ ಎಷ್ಟಿರಬೇಡ? ಇದು ಲೆಕ್ಕ ಬಾರದವರ ತಪ್ಪಲ್ಲ, ಹಂಬಲಿಸುವವರ ತಪ್ಪು.

ಕೋಳಿಗಳು ಮೇವು ಬಿಟ್ಟವು. ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದವು. ಗೂಡಿನಲ್ಲಿ ಮೊಟ್ಟೆಯೇ ಇಲ್ಲ. ಪಶುವೈದ್ಯರು ಬಂದು ನೋಡಿ ಹಣೆ ಚಚ್ಚಿಕೊಂಡರು.

"ಸತ್ವ ಇದೆ ಅಂದೆ ಅಂತ ಸುರಿದುಬಿಟ್ರಾ? ಕೋಳಿಗೆ ಬೇಕಾದ್ದೆಲ್ಲ ಆ ಬೀಜದಲ್ಲಿಲ್ಲಮ್ಮ. ಬೇಯಿಸಿದ ಮೇಲೂ ಚೂರುಪಾರು ವಿಷ ಉಳಿದಿರುತ್ತೆ, ಜಾಸ್ತಿ ಹಾಕಿದ್ರೆ ಅದೂ ಜಾಸ್ತಿ. ಸದ್ಯಕ್ಕೆ ನಿಲ್ಲಿಸಿ. ಚೇತರಿಸ್ಕೊಳ್ತವೆ, ಆದ್ರೆ ಮೊಟ್ಟೆಗೆ ಕಾಯ್ಬೇಕು."

ಅಂಗಡಿಯ ಮೊಟ್ಟೆಯನ್ನು ತನ್ನ ಕೋಳಿಯದೆಂದು ಒಯ್ಯಲು ಆಕೆಗೆ ಮನಸ್ಸೊಪ್ಪಲಿಲ್ಲ. ಮಗುವಿಗೆ ಸುಳ್ಳು ಉಣಿಸುವುದೇ? ಎರಡು ಭಾನುವಾರ ಮನೆಯಲ್ಲೇ ಕುಳಿತಳು. ಮೂರನೆಯದು ಬಂದಾಗ ಕೂರಲಾಗಲಿಲ್ಲ.

"ಬರಿಗೈಲಿ ಹೋದ್ರೆ ಒಳಗೆ ಸೇರಿಸ್ತಾರೇನೇ?" ಎಂದು ಟ್ಯಾಪಿಂಗ್ ಗೆಳತಿಯನ್ನು ಕೇಳಿದಳು.

"ಬುಟ್ಟಿ ತುಂಬ ಒಯ್ದಾಗ ಸೇರಿಸಿದ್ರಾ?" ಎಂದಳು ಗೆಳತಿ.

ದೇವರ ಬಾಗಿಲಿಗೂ ನಾವು ಹೀಗೆಯೇ ಹೋಗುವುದಲ್ಲವೇ? ಪುಣ್ಯವನ್ನೋ ಕಾಣಿಕೆಯನ್ನೋ ಮುಂದೆ ಚಾಚಿ, ಅದರ ಮರೆಯಲ್ಲಿ ನಾವು ನಿಲ್ಲುತ್ತೇವೆ. ಆ ದಿನ ಅಕ್ಕನಿಗೆ ಮರೆಯಾಗಲು ಏನೂ ಇರಲಿಲ್ಲ.

ಬಾಗಿಲು ತೆರೆದ ತಮ್ಮನ ಹೆಂಡತಿ ಆಕೆಯ ಮುಖವನ್ನೇ ನೋಡಿದಳು. "ಎರಡು ವಾರ ಕಾಣ್ಲೇ ಇಲ್ವಲ್ಲ ಅತ್ತಿಗೆ, ಹುಷಾರಿರ್ಲಿಲ್ವಾ?"

"ಮೊಟ್ಟೆ ಇಲ್ಲಮ್ಮ. ಕೋಳಿ ಇಡ್ತಿಲ್ಲ. ಹೇಳಿ ಹೋಗೋಣ ಅಂತ ಬಂದೆ."

"ಹೇಳಿ ಹೋಗೋದೇನು? ಯಾವಾಗ್ಲೂ ಬುಟ್ಟಿ ತಿರುಗಿ ಕೈಗೆ ಬಂದಿದ್ದೇ ತಡ, ಒಂದು ಮಾತಾಡೋಕೂ ಬಿಡದೆ ಓಡ್ತಿದ್ರಿ. ಮಗೂನ ಕಿತ್ಕೊಂಡೋಳು ಅಂತ ನನ್ನ ಮೇಲೆ ಸಿಟ್ಟಿದೆ ಅಂದ್ಕೊಂಡಿದ್ದೆ. ಕರೆಯೋಕೂ ಭಯ ನಂಗೆ." ಆಕೆಯ ಕಣ್ಣು ತುಂಬಿತ್ತು. "ಬನ್ನಿ ಒಳಗೆ."

ಅಕ್ಕ ಮೊದಲ ಬಾರಿಗೆ ಆ ಮನೆಯ ಹೊಸ್ತಿಲು ದಾಟಿದಳು. ಇಕ್ಕಟ್ಟಿನ ಕೋಣೆ, ಹಗ್ಗದ ಮೇಲೆ ಒಣಗುತ್ತಿದ್ದ ಶಾಲೆಯ ಸಮವಸ್ತ್ರ. ಅದರ ತೋಳು ಆಕೆಯ ನೆನಪಿಗಿಂತ ಎಷ್ಟೋ ಉದ್ದವಾಗಿತ್ತು. ಹುಡುಗಿ ಲೋಟದಲ್ಲಿ ನೀರು ತಂದು, ನೆಂಟರಿಗೆ ಕೊಡುವಂತೆ ಎರಡೂ ಕೈಯಿಂದ ಕೊಟ್ಟಳು.

"ಕೋಳಿಗೆ ಏನಾಯ್ತು ಅತ್ತೆ?"

ಅಕ್ಕ ಎಲ್ಲವನ್ನೂ ಹೇಳಿದಳು. ಹುಡುಗಿ ಹತ್ತಿರ ಸರಿದು, ಆಕೆಯ ಮೊಣಕಾಲಿಗೆ ಭುಜ ತಾಗುವಷ್ಟು ಹತ್ತಿರ ಕುಳಿತು ಕೇಳಿದಳು. ಆಮೇಲೆ ತಾಯಿಯ ಕಡೆ ತಿರುಗಿ, "ನಾನೂ ಹೋಗಿ ನೋಡ್ಲಾ? ಅಲ್ಲೇ ಸ್ವಲ್ಪ ದಿನ ಇರ್ಲಾ?" ಎಂದಳು.

"ರಜೆ ಬರ್ಲಿ. ಕಳಿಸ್ತೀನಿ."

ಅಕ್ಕ ಲೋಟದ ನೀರನ್ನು ನಿಧಾನವಾಗಿ ಕುಡಿದಳು. ರಜೆ ಯಾವಾಗ ಬರುವುದೆಂದು ಕೇಳಲು ಬಾಯಿ ತೆರೆದಳು. ಆದರೆ ಮೊಣಕಾಲಿಗೆ ಒರಗಿದ್ದ ಭುಜ ಎಲ್ಲಿ ಸರಿದೀತೋ ಎಂದು ಹೆದರಿ ಸುಮ್ಮನೆ ಕುಳಿತಳು.