ನಿಂತೇ ಮಾಡು ಎಂದವನು ನಾನು

ಶಾರದಾ, ನಿನ್ನ ಗಂಡ ನಾನು ಕಲಿಸಿದ್ದನ್ನು ಮರೆತು ಹೊಗೆಯಲ್ಲಿ ಎದ್ದು ನಿಂತ, ಅದಕ್ಕೇ ಸತ್ತ ಅಂತ ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು. ಅವನಿಗೆ ನಿಲ್ಲಲು ಕಲಿಸಿದವನೇ ನಾನು.

ನಮ್ಮ ಫೈರ್ ಸ್ಟೇಷನ್ನಿಗೆ ವಿಆರ್ ಕನ್ನಡಕ ಬಂದದ್ದು ನಿನಗೆ ನೆನಪಿರಬೇಕು. ಹಾಕಿಕೊಂಡರೆ ಕಣ್ಣೆದುರೇ ಮನೆ ಉರಿಯುತ್ತದೆ, ಹೊಗೆ ಕವಿಯುತ್ತದೆ. ಮೈಗೆ ಮಾತ್ರ ಬಿಸಿ ತಟ್ಟುವುದಿಲ್ಲ. ಅದರಲ್ಲಿ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಇಡೀ ಸ್ಟೇಷನ್ನಿನಲ್ಲಿ ಕನ್ನಡ ಮನೆಮಾತಾಗಿದ್ದವರು ನಾನು, ನಿನ್ನ ಗಂಡ ಇಬ್ಬರೇ. ಉಳಿದವರಿಗೆ ಮಲಯಾಳದಲ್ಲಿ ಹೇಳಿದ್ದನ್ನು ಮಹೇಶನಿಗೆ ಇನ್ನೊಮ್ಮೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಬಾಯಿ ತುಂಬ ಅಣ್ಣಾ ಅನ್ನುತ್ತಿದ್ದ. ನಾನು ಹೇಳಿದ್ದೇ ಅವನಿಗೆ ವೇದವಾಕ್ಯ.

ಹೊಗೆ ತುಂಬಿದ ಕೋಣೆಯಲ್ಲಿ ತೆವಳಬೇಕು. ಕಾವೆಲ್ಲ ಮೇಲೆ ಸೇರುತ್ತದೆ, ನೆಲದ ಹತ್ತಿರವೇ ಬದುಕುವ ದಾರಿ. ಇಷ್ಟು ವರ್ಷ ಬೆಂಕಿಯ ಜೊತೆ ಏಗಿದ ನನಗೆ ಇದು ಗೊತ್ತಿರಲಿಲ್ಲವೇ? ಆದರೆ ನಮ್ಮ ತರಬೇತಿಯ ಕೋಣೆ ಇಕ್ಕಟ್ಟು. ತೆವಳಿದರೆ ಕನ್ನಡಕದ ವಯರು ಕಾಲಿಗೆ ಸುತ್ತಿಕೊಂಡು ಚಿತ್ರ ನಿಂತುಬಿಡುತ್ತಿತ್ತು. ಮತ್ತೆ ಮೊದಲಿನಿಂದ ಶುರು. ಮೇಲಿನವರು ನೋಡಲು ಬರುವುದರೊಳಗೆ ಎಲ್ಲರದ್ದೂ ಮುಗಿಯಬೇಕಿತ್ತು. ನನ್ನ ಸಿಟ್ಟು ನಿನಗೆ ಗೊತ್ತಲ್ಲ — ಮಹೇಶ ಮತ್ತೆ ಮತ್ತೆ ತೆವಳಿದಾಗ ರೇಗಿಬಿಟ್ಟೆ.

"ನಿಂತೇ ಮಾಡೋ ಮಾರಾಯ. ನಿಂತರೂ ಪಾಸಾಗುತ್ತೆ."

ನಿಜವಾದ ಬೆಂಕಿಯಲ್ಲೂ ಹೀಗೇನಾ ಅಣ್ಣ ಅಂತ ಕೇಳಿದ. ಮೊದಲು ಇದನ್ನು ಮುಗಿಸು, ತೆವಳುವುದನ್ನು ಆಮೇಲೆ ಅಂಗಳದಲ್ಲಿ ಮಾಡಿಸುತ್ತೇನೆ ಅಂದೆ. ಆಮೇಲೆ... ಮಾಡಿಸಲೇ ಇಲ್ಲ. ದಿನವೂ ನಿಂತು ನಿಂತು ಅವನ ಮೈಗೆ ಅದೇ ರೂಢಿಯಾಯಿತು. ಎಲ್ಲರಿಗಿಂತ ಬೇಗ ಮುಗಿಸಿದನೆಂದು ನಾನೇ ಬೆನ್ನು ತಟ್ಟಿದ್ದೆ.

ತೃಶ್ಶಿಲೇರಿ ಹತ್ತಿರ ಕಾಫಿ ಗೋದಾಮಿಗೆ ಬೆಂಕಿ ಬಿದ್ದಾಗ ಒಳಗೊಬ್ಬ ಕೆಲಸದವ ಸಿಕ್ಕಿಬಿದ್ದಿದ್ದ. ಮಹೇಶ ಒಳಗೆ ಹೋದ, ನಾನು ಬಾಗಿಲಲ್ಲಿ ಪೈಪು ಹಿಡಿದಿದ್ದೆ. ಒಂದು ಕೈ ಗೋಡೆಗೆ ಕೊಟ್ಟು, ನೆಟ್ಟಗೆ ನಿಂತು ನಡೆಯುತ್ತಿದ್ದ — ಥೇಟ್ ಆ ಕೋಣೆಯಲ್ಲಿ ನಡೆದ ಹಾಗೆ. ಕೂತ್ಕೊ, ಕೂತ್ಕೊ ಅಂತ ಅರಚಿದೆ. ಗೋಣಿಚೀಲಗಳು ಉರಿಯುವ ಸದ್ದಿನಲ್ಲಿ ಕೇಳಿಸಲಿಲ್ಲ. ಮಾಡಿನ ಕೆಳಗೆ ತುಂಬಿದ್ದ ಕಾವು ಒಮ್ಮೆಲೇ ಭುಗಿಲೆದ್ದಿತು. ಆ ಕೆಲಸದವನನ್ನು ಹಿಂಬಾಗಿಲಿಂದ ಬೇರೆಯವರು ಎಳೆದು ತಂದರು. ನಿನ್ನ ಗಂಡನನ್ನು ತಂದಾಗ — ಬೇಡ, ಅದನ್ನು ನೀನೇ ನೋಡಿದ್ದೀಯ.

ತೆವಳಲು ಕಲಿಸಿದ್ದಿರಾ ಅಂತ ವಿಚಾರಣೆಯಲ್ಲಿ ಕೇಳಿದರು.

"ಕಲಿಸಿದ್ದೆ ಸಾರ್. ಗಾಬರಿಯಲ್ಲಿ ಮರೆತ."

ನೌಕರಿ ಹೋಗುವ ಭಯ ಅನ್ನಬಹುದು. ಏನೆಂದರೂ ತಪ್ಪನ್ನು ಸತ್ತವನ ತಲೆಗೆ ಕಟ್ಟಿದ್ದು ನಾನೇ. ನಿವೃತ್ತಿಯ ದಿನ ಶಾಲು ಹೊದಿಸಿದರು, ನಾಚಿಕೆಯಿಲ್ಲದೆ ಹೊದಿಸಿಕೊಂಡೆ.

ಹೋದ ವಾರ ನಿಮ್ಮ ಮನೆಗೆ ಬಂದಿದ್ದೆನಲ್ಲ. ಒಲೆಯ ಮೇಲೆ ಹಾಲು ಉಕ್ಕಿತು. "ಅಪ್ಪನ ಹಾಗೇ ಮರೆಗುಳಿ ನೀನು, ನಿನಗೂ ಅದೇ ಗತಿ" ಅಂತ ನೀನು ಮಗಳನ್ನು ಬೈದೆ. ಆ ಹುಡುಗಿ ತಲೆ ತಗ್ಗಿಸಿ ಒಲೆ ಒರೆಸಿತು. ನೀನು ಕೊಟ್ಟ ಕಾಫಿ ಕುಡಿದು ನಾನು ಎದ್ದು ಬಂದೆ. ನನ್ನ ಸುಳ್ಳನ್ನು ಆ ಮಗು ತನ್ನ ರಕ್ತದಲ್ಲೇ ಇರುವ ದೋಷ ಅಂದುಕೊಂಡು ಬೆಳೆಯುತ್ತಿದೆ.

ಕ್ಷಮಿಸು ಅಂತ ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ನಾಳೆ ಆಫೀಸಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಏನು ಮಾಡುತ್ತಾರೋ ಮಾಡಲಿ. ಅದಕ್ಕೂ ಮೊದಲು ನಿಮ್ಮ ಮನೆಗೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೂ ಸರಿ, ಜಗಲಿಯಲ್ಲೇ ನಿಂತು ಮಗಳಿಗೆ ಕೇಳಿಸುವಂತೆ ಹೇಳುತ್ತೇನೆ — ನಿನ್ನಪ್ಪ ಏನನ್ನೂ ಮರೆತಿರಲಿಲ್ಲ ಮಗಾ, ನನ್ನ ಮಾತು ಕೇಳಿ ಸತ್ತ.