ಪಕ್ಕದ ಮನೆಯಿಂದ ತಂದ ಅರ್ಧ ಗಂಟೆ

ಹಾರ್ಮೋನಿಯಂ ಮುಂದಕ್ಕೆ ಹೋಯಿತು, ನಾನು ಹಿಂದೆ ಉಳಿದುಬಿಟ್ಟೆ.

ನವೆಂಬರ್ ತಿಂಗಳ ಒಂದು ಭಾನುವಾರ. ಚಿಕ್ಕಬಳ್ಳಾಪುರದ ನಮ್ಮ ಚರ್ಚ್‌ನಲ್ಲಿ ಕ್ರಿಸ್‌ಮಸ್ ಹಾಡುಗಳ ಪ್ರಾಕ್ಟೀಸ್. ಪ್ರತಿ ವರ್ಷ ಹಾಡುವ ಹಳೆಯ ಕನ್ನಡ ಗೀತೆಯೊಂದಿದೆ. ಅದರ ನಡುವೆ ಒಂದು ಸಾಲು ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಆಗ ಉಳಿದವರೆಲ್ಲ ಸುಮ್ಮನಾಗುತ್ತಾರೆ, ಒಬ್ಬಳೇ ಹಾಡಬೇಕು. ಪಿಯುಸಿ ಓದುವಾಗಿನಿಂದ ಆ ಒಬ್ಬಳು ನಾನೇ. ಈ ಸಲ ಸಾಲು ಮೇಲಕ್ಕೆ ಹೋಯಿತು, ನಿಲ್ಲುವ ಮೊದಲೇ ನನ್ನ ಉಸಿರು ಮುಗಿಯಿತು.

ಹಾಡು ಹೇಳಿಕೊಡುವ ಡೇವಿಡ್ ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. (ಅವರು ಕನ್ನಡಕ ಒರೆಸಿದರೆ ಏನೋ ಕಷ್ಟದ ಮಾತು ಬರುತ್ತದೆ ಅಂತಲೇ ಅರ್ಥ.)

"ಸುನೀತಮ್ಮಾ, ಈ ಸಲ ಆ ಸಾಲು ಯಾರಾದ್ರೂ ಚಿಕ್ಕವರಿಗೆ ಕೊಡಣ್ವೇನಮ್ಮಾ?"

ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಜಾಸ್ತಿ ನೋವಾಯಿತು. "ಕ್ಯಾರಲ್ ಸಂಜೆವರೆಗೂ ಟೈಮ್ ಕೊಡಿ ಅಂಕಲ್" ಅಂದೆ. "ಕೊಡ್ತೀನಮ್ಮ. ಆದ್ರೆ ಗಂಟಲಿಗಲ್ಲ, ಕಾಲಿಗೆ ಕೆಲ್ಸ ಕೊಡು. ಮೆಟ್ಲು ಹತ್ತಿದ್ರೇ ಏದುಸಿರು ಬಿಡ್ತೀಯ" ಅಂದರು.

ಒಂದು ಸಾಲು ಹೋದರೆ ಏನಾಗುತ್ತದೆ ಅನ್ನುತ್ತೀರಾ? ಸ್ಕೂಲಿನಲ್ಲಿ ನಾನು ಮಿಸ್ಸು. ಮನೆಯಲ್ಲಿ ಮಮ್ಮಿ. ಅತ್ತೆ ಮನೆಯಲ್ಲಿ ದೊಡ್ಡ ಸೊಸೆ. ವರ್ಷಕ್ಕೊಮ್ಮೆ ಆ ಒಂದು ಸಾಲಿನಷ್ಟು ಹೊತ್ತು ಮಾತ್ರ ನಾನು ಬರೀ ಸುನೀತಾ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಸರಿ, ಫಿಟ್ ಆಗಬೇಕು. ಯಾವಾಗ?

"ಟೈಮ್ ಮಾಡ್ಕೋಬೇಕು ಕಣೇ" ಅಂತ ಎಲ್ಲರೂ ಹೇಳುತ್ತಾರೆ. ಯಾವುದರಿಂದ ಮಾಡುವುದು? ಬೆಳಿಗ್ಗೆ ಎದ್ದರೆ ತಿಂಡಿ, ಡಬ್ಬಿ, ಇಬ್ಬರು ಮಕ್ಕಳ ಸ್ನಾನ, ಜಡೆ, ಷೂ. ಆಮೇಲೆ ಶಿಡ್ಲಘಟ್ಟದ ಬಸ್ಸು. ಅಲ್ಲಿ ಸಂಜೆಯವರೆಗೆ ಹೈಸ್ಕೂಲು ಮಕ್ಕಳ ಜೊತೆ ಕೂಗಾಟ. ವಾಪಸು ಬಂದರೆ ಹೋಮ್‌ವರ್ಕು, ಅಡುಗೆ. ಅದರ ಮೇಲೆ ಡಿಸೆಂಬರ್ ಬಂತೆಂದರೆ ಮನೆ ಸುಣ್ಣಬಣ್ಣ, ಕರ್ಟನ್ ಒಗೆತ, ಕಲ್‌ಕಲ್ ಕರಿಯುವುದು. ತೂಕ ಇಳಿಸಲು ಹೊರಟವಳು ಡಬ್ಬಿಗಟ್ಟಲೆ ಸಿಹಿ ಕರಿಯಬೇಕು. ಕರಿದ ಮೇಲೆ ರುಚಿ ನೋಡದೆ ಇರಲಾದೀತೇ?

ಪ್ರಯತ್ನವನ್ನಂತೂ ಮಾಡಿದೆ. ಫೋನಿನಲ್ಲಿ ವೀಡಿಯೊ ಹಾಕಿಕೊಂಡು ನೆಲಕ್ಕೆ ಕೈಯೂರಿದರೆ ಮಗ ಬಂದು ಬೆನ್ನೇರಿ "ಆನೆ ಆನೆ" ಅಂದ. ಬೆಳಗಾಗುವ ಮೊದಲು ಟೆರೇಸಿನಲ್ಲಿ ಸ್ಕಿಪ್ಪಿಂಗ್ ಮಾಡಿದೆ. ಕೆಳಗಿನ ಮನೆಯ ಓನರ್ ಆಂಟಿ ಮಫ್ಲರ್ ಸುತ್ತಿಕೊಂಡು ಮೇಲೆ ಬಂದು, "ಏನಮ್ಮಾ ಕುಟ್ತಾ ಇದೀಯ ಇಷ್ಟೊತ್ನಲ್ಲಿ?" ಅಂತ ಕೇಳಿದರು. ಸ್ಕಿಪ್ಪಿಂಗ್ ಹಗ್ಗ ಅಂದಿನಿಂದ ಬಟ್ಟೆ ಒಣಹಾಕಲು ಉಪಯೋಗವಾಗುತ್ತಿದೆ.

ಈ ಸದ್ದೆಲ್ಲ ಪಕ್ಕದ ಮನೆಗೂ ಕೇಳಿಸಿತ್ತು. ಅಲ್ಲಿರುವವರು ಶಮೀಮ್ ಆಪಾ. ಶಿಡ್ಲಘಟ್ಟದಲ್ಲಿ ಅವರ ಮನೆಯವರದು ರೇಷ್ಮೆ ನೂಲಿನ ವ್ಯಾಪಾರ. ನಮ್ಮೆರಡು ಮನೆಯ ನಡುವೆ ಒಂದು ಗಿಡ್ಡ ಕಾಂಪೌಂಡು. ಅದರ ಮೇಲೆ ರಂಜಾನಿನಲ್ಲಿ ಈ ಕಡೆ, ಕ್ರಿಸ್‌ಮಸ್ಸಿಗೆ ಆ ಕಡೆ ಬಟ್ಟಲುಗಳು ಓಡಾಡುತ್ತವೆ. ಅವತ್ತು ಸಂಜೆ ಕಾಂಪೌಂಡಿನ ಬಳಿ ನಿಲ್ಲಿಸಿಕೊಂಡು, ಏನು ಸಮಾಚಾರ ಅಂತ ಕೇಳಿದರು. ಹಾಡು, ಉಸಿರು, ಡೇವಿಡ್ ಅಂಕಲ್ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು. (ಮೂವತ್ತೆಂಟು ವರ್ಷದ ಹೆಂಗಸು, ಒಂದು ಸಾಲಿಗೆ!)

ಅವರು ನಗಲಿಲ್ಲ. "ಅರೇ, ಇದಕ್ಯಾಕೆ ಅಳ್ತೀಯ? ನಾನು ಬೆಳಿಗ್ಗೆ ನಮಾಜ್ ಆದ್ಮೇಲೆ ಮಲಗೋದೇ ಇಲ್ಲ. ಮಕ್ಳನ್ನ ನನ್ನತ್ರ ಬಿಟ್ಟು ಅರ್ಧ ಗಂಟೆ ನಡ್ಕೊಂಡ್ ಬಾ" ಅಂದರು.

ಮಾರನೇ ದಿನದಿಂದ ಅದೇ ದಿನಚರಿ. ನಾನೆದ್ದರೆ ಮಕ್ಕಳೂ ಏಳುತ್ತವೆ. ಇಬ್ಬರನ್ನೂ ಕಂಬಳಿ ಸಮೇತ ಎತ್ತಿಕೊಂಡು, ನನ್ನ ಗಂಡ ಪ್ರಕಾಶ್‌ಗೆ ಎಚ್ಚರವಾಗದಂತೆ ಕಳ್ಳಿಯ ಹಾಗೆ ಬಾಗಿಲು ಮುಚ್ಚಿ, ಆಪಾ ಮನೆಗೆ ಬಿಡುತ್ತಿದ್ದೆ. ಅಲ್ಲಿ ಅವಕ್ಕೆ ಬಿಸಿ ರೊಟ್ಟಿ, ಹಾಲು. ಕೆಲವೇ ದಿನಗಳಲ್ಲಿ ಮಗಳು ನನ್ನ ಚಪಾತಿ ನೋಡಿ ಮೂಗು ಮುರಿಯಲು ಶುರು ಮಾಡಿದಳು.

ನಾನು ನಂದಿ ರಸ್ತೆ ಹಿಡಿದು ನಡೆದೆ. ಮಂಜಿನಲ್ಲಿ ಬೆಟ್ಟವೇ ಕಾಣುತ್ತಿರಲಿಲ್ಲ. ದ್ರಾಕ್ಷಿ ತೋಟಗಳ ಪಕ್ಕ ಸೇವಂತಿಗೆ ಹೂವಿನ ಮೂಟೆ ತುಂಬಿಸುತ್ತಿದ್ದ ಟೆಂಪೋದವರು, "ಏಮ್ಮಾ, ಎವರು ತರುಮುತುನ್ನಾರು?" ಅಂತ ಕೂಗಿದರು. ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಅಂತ! "ಕ್ರಿಸ್‌ಮಸ್ಸು" ಅಂದೆ. ದಿನ ಕಳೆದಂತೆ ಮೆಟ್ಟಿಲು ಹತ್ತುವಾಗಿನ ಏದುಸಿರು ಕಡಿಮೆಯಾಯಿತು. ಟೈಮ್ ಸಿಕ್ಕಿತಲ್ಲ ಎಂದು ಬೀಗಿದೆ.

ಒಂದು ದಿನ ಮಕ್ಕಳನ್ನು ಕರೆದುಕೊಂಡು ಬರಲು ಹೋದಾಗ ಆಪಾ ಅಡುಗೆಮನೆಯಲ್ಲಿದ್ದರು. ಅವರ ಸೊಸೆ ರೆಹಾನಾ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದಳು. "ಅಕ್ಕಾ, ತಪ್ಪು ತಿಳ್ಕೋಬೇಡಿ. ಅತ್ತೆಗೆ ಶುಗರ್ ಇದೆ. ಡಾಕ್ಟ್ರು ದಿನಾ ಬೆಳಿಗ್ಗೆ ನಡೀಲೇಬೇಕು ಅಂದಿದಾರೆ. ನಿಮ್ ಮಕ್ಳು ಬರಕ್ ಶುರುವಾದ್ಮೇಲೆ ವಾಕಿಂಗ್ ಬಿಟ್ಬಿಟ್ಟಿದಾರೆ. ನಿನ್ನೆ ಡಾಕ್ಟ್ರು ಚೆನ್ನಾಗ್ ಬೈದ್ರು."

ನನ್ನ ಮುಖ ಸುಟ್ಟಂತಾಯಿತು. ನನಗೆ ಸಿಕ್ಕಿದ್ದು ಬಿಡುವಿನ ಅರ್ಧ ಗಂಟೆಯಲ್ಲ, ಅವರ ಅರ್ಧ ಗಂಟೆ.

ಒಳಗಿಂದ ಬಂದ ಆಪಾ ಸೊಸೆಯನ್ನು ಗದರಿಸಿ ನನ್ನ ಕಡೆ ತಿರುಗಿದರು. "ನನ್ ಶುಗರ್ ಎಲ್ಲೂ ಹೋಗಲ್ಲಮ್ಮ. ನಿನ್ ಹಾಡು ಡಿಸೆಂಬರ್‌ಗೆ ಮುಗ್ದೋಗುತ್ತೆ."

ನಾಳೆಯಿಂದ ನಾನು ಹೋಗುವುದಿಲ್ಲ ಅಂದೆ. ಹೋಗಲೇಬೇಕು ಅಂತ ಅವರು. ಹಾಗಾದರೆ ನೀವೂ ಬನ್ನಿ ಅಂತ ನಾನು. ಮಕ್ಕಳನ್ನು ಯಾರು ನೋಡುವುದು? ರೆಹಾನಾ ಕೈಯಲ್ಲಿ ಆಗಲೇ ಎಳೇ ಕೂಸು. ಇಬ್ಬರೂ ಯೋಚಿಸುತ್ತಾ ನಿಂತೆವು.

"ನಿನ್ ಗಂಡ ಎಷ್ಟೊತ್ತಿಗೆ ಏಳ್ತಾರೆ?" ಅಂತ ಆಪಾ ಕೇಳಿದರು.

"ಏಳೂವರೆ."

"ನಮ್ಮೋರೂ ಅಷ್ಟೇ. ನಮಾಜ್ ಮುಗಿಸ್ಕೊಂಡ್ ಬಂದು ಮತ್ತೆ ಮಲಗ್ತಾರೆ."

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನಕ್ಕಿದ್ದೇ ನಕ್ಕಿದ್ದು. ಒಂದು ಕಾಂಪೌಂಡಿನ ಆಚೆ ಒಬ್ಬರು, ಈಚೆ ಒಬ್ಬರು ಹೊದ್ದು ಮಲಗಿದ್ದರೆ ನಾವು ಟೈಮ್ ಹುಡುಕುತ್ತಿದ್ದೆವು! ಎಚ್ಚರವಾಗಿಬಿಟ್ಟೀತು ಅಂತ ಬೆರಳ ತುದಿಯಲ್ಲಿ ನಡೆದವಳು ನಾನು. ಮಕ್ಕಳನ್ನು ನೋಡಿಕೊಳ್ಳಿ ಅಂತ ಪಕ್ಕದ ಮನೆಗೆ ಹೋಗಿ ಕೇಳುವುದು ಸುಲಭ, ಪಕ್ಕದಲ್ಲೇ ಮಲಗಿದವರನ್ನು ಕೇಳುವುದು ಹೊಳೆಯುವುದೇ ಇಲ್ಲ. ನಿಮ್ಮ ಮನೆಯಲ್ಲೂ ಹೀಗೇನಾ?

ಆ ರಾತ್ರಿ ಪ್ರಕಾಶ್‌ಗೆ ಹೇಳಿದೆ. "ಇಷ್ಟೇ ತಾನೇ? ಕೇಳಿದ್ರೆ ಮಾಡ್ತಿರಲಿಲ್ವಾ?" ಅಂದರು. ಮಾಡಿದರು ಕೂಡ. ಮೊದಲ ದಿನ ಹಾಲು ಉಕ್ಕಿತು. ಬುಧವಾರ ಮಗಳು ಬಿಳಿ ಯೂನಿಫಾರ್ಮ್ ಬದಲು ಕಲರ್ ಹಾಕಿಕೊಂಡು ಸ್ಕೂಲಿಗೆ ಹೋದಳು. ಆಕಾಶವೇನೂ ಬೀಳಲಿಲ್ಲ. ಈಗ ಅವರ ಉಪ್ಪಿಟ್ಟು ನನ್ನದಕ್ಕಿಂತ ಉದುರುದುರಾಗಿರುತ್ತದೆ. ಅವರಿಗೂ ನನ್ನ ಥ್ಯಾಂಕ್ಸ್ ಇದೆ, ನಿಜವಾಗಿಯೂ.

ನಾನೂ ಆಪಾನೂ ಜೊತೆಗೆ ನಡೆಯತೊಡಗಿದೆವು. ಅವರದು ನಿಧಾನ ನಡಿಗೆ. "ಸುಮ್ನೆ ಯಾಕ್ ಬರ್ತೀಯ? ನಡೀತಾ ನಡೀತಾ ಹಾಡು" ಅಂದರು. ಮಂಜಿನಲ್ಲಿ ಆ ಸಾಲನ್ನು ಹಾಡಿಕೊಂಡೇ ನಡೆದೆ. ಉಸಿರು ಎಲ್ಲಿ ಕಡಿಯಿತು ಅಂತ ಅವರೇ ಹೇಳುತ್ತಿದ್ದರು. ಆಮೇಲಾಮೇಲೆ ಟೆಂಪೋದವರು ಹೂವು ತುಂಬುವುದು ಬಿಟ್ಟು ನಿಂತು ಕೇಳತೊಡಗಿದರು.

ಕಳೆದ ಭಾನುವಾರ ಕ್ಯಾರಲ್ ಸಂಜೆ. ಪಕ್ಕದ ಮನೆಯವರೂ, ಸ್ನೇಹಿತರೂ ಬರುವ ಸಂಜೆ ಅದು. ಆಪಾ ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಹಾಡು ಶುರುವಾಯಿತು. ಎಲ್ಲರೂ ಸುಮ್ಮನಾದರು. ಸಾಲು ಮೇಲಕ್ಕೆ ಹೋಯಿತು, ನಿಂತಿತು. ನಾನೂ ಅದರ ಜೊತೆ ಕೊನೆಯವರೆಗೆ ನಿಂತೆ. ಡೇವಿಡ್ ಅಂಕಲ್ ಕನ್ನಡಕ ಮುಟ್ಟದೆ ಮುಂದಿನ ಪುಟ ತಿರುಗಿಸಿದರು. ನನಗೆ ಅಷ್ಟು ಸಾಕಾಗಿತ್ತು.

ಆಮೇಲೆ ಅಂಗಳದಲ್ಲಿ ಶಾಮಿಯಾನ, ಕುರ್ಚಿ, ಕೇಕು, ಟೀ. ಪ್ರಕಾಶ್ ಎಲ್ಲರೆದುರು, "ಈಗ ಬೆಳಿಗ್ಗೆ ಮಕ್ಕಳನ್ನ ನಾನೇ ನೋಡ್ಕೊಳ್ಳೋದು" ಅಂತ ಹೇಳುತ್ತಿದ್ದರು. ಚರ್ಚ್‌ನ ಮಹಿಳಾ ಸಂಘದ ಅಕ್ಕಂದಿರೆಲ್ಲ ಅವರ ಕುರ್ಚಿ ಸುತ್ತ ನಿಂತು, "ಎಂಥ ಗಂಡ ಕಣೇ ಸುನೀತಾ! ದೇವರು ನಿನಗೆ ತುಂಬಾ ಆಶೀರ್ವಾದ ಮಾಡಿದಾನೆ" ಅಂದರು. ಆ ತುದಿಯ ಕುರ್ಚಿಯೊಂದರಲ್ಲಿ ಶಮೀಮ್ ಆಪಾ ಕೇಕಿನ ತಟ್ಟೆಗೆ ಕೈ ಅಡ್ಡ ಹಿಡಿದು, ಬೇಡ ಬೇಡ ಅನ್ನುತ್ತಾ ಕುಳಿತಿದ್ದರು.

ಆಶೀರ್ವಾದ ಮಾಡಿರುವುದು ನಿಜ, ಆದರೆ ಅಕ್ಕಂದಿರೇ, ನೀವು ಸುತ್ತುವರಿಯಬೇಕಿದ್ದ ಕುರ್ಚಿ ಆ ತುದಿಯಲ್ಲಿತ್ತು!